ತಿಗರಿಯ ಮುಂದೆ ಸರತಿ, ಆವಿಗೆಯ ಮುಂದೆ ಯಾರೂ ಇಲ್ಲ

ಎರಡು ದಿನದ ಕಾರ್ಯಾಗಾರವೊಂದರಲ್ಲಿ ನಾನು ಮಾಡಿದ ಬಟ್ಟಲು ಮೂರು ವಾರದ ಮೇಲೆ ಕೊರಿಯರಿನಲ್ಲಿ ಮನೆಗೆ ಬಂತು. ಬಿಚ್ಚಿ ನೋಡಿದರೆ ಗುರುತೇ ಸಿಗಲಿಲ್ಲ. ನಾನು ಬಿಟ್ಟು ಬಂದದ್ದು ಒಂದು ಬದಿಗೆ ವಾಲಿದ, ಬೂದು ಬಣ್ಣದ ಹಸಿ ಮುದ್ದೆ. ಬಂದದ್ದು ನೀಲಿ ಮೆರುಗು ಹೊತ್ತ, ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ಮೊಳಗುವ ಪಾತ್ರೆ. ನಡುವೆ ಅದನ್ನು ನೆರಳಲ್ಲಿ ಒಣಗಿಸಿದವರು, ಬುಡ ಕೆರೆದು ನೆಟ್ಟಗೆ ಮಾಡಿದವರು, ಒಮ್ಮೆ ಸುಟ್ಟವರು, ಮೆರುಗು ಬಳಿದು ಮತ್ತೊಮ್ಮೆ ಸುಟ್ಟವರು ಬೇರೆ ಯಾರೋ. ನನ್ನ ಪಾಲಿಗೆ ಬಂದದ್ದು ತಿಗರಿಯ ಮೇಲಿನ ಹದಿನೈದು ನಿಮಿಷ. ಅದರಲ್ಲೂ ಬಟ್ಟಲು ಎದ್ದು ನಿಂತದ್ದು ಕಲಿಸುವವರ ಕೈ ನನ್ನ ಕೈಯ ಮೇಲೆ ಇದ್ದಷ್ಟು ಹೊತ್ತು. ಫೋಟೋದಲ್ಲಿ ಮಾತ್ರ ನಾನೇ ಕುಂಬಾರ.

ಇದನ್ನು ದೂರು ಎಂದು ಬರೆಯುತ್ತಿಲ್ಲ. ನನಗೆ ಆ ಎರಡು ದಿನ ಖುಷಿಯಾಯಿತು, ಕೊಟ್ಟ ದುಡ್ಡಿಗೆ ಮೋಸವಾಗಲಿಲ್ಲ. ಆದರೆ ಆಮೇಲೆ ಕಾಡಿದ ಪ್ರಶ್ನೆ ಬಿಡಲಿಲ್ಲ: ಕುಂಬಾರಿಕೆ ಕಲಿಸುತ್ತೇವೆ ಎನ್ನುವ ಎಲ್ಲ ಕಡೆಯೂ ತಿಗರಿಯನ್ನೇ ಏಕೆ ಮುಂದಿಡುತ್ತಾರೆ, ಮಡಕೆ ಸುಡುವ ಆವಿಗೆಯನ್ನು ಏಕೆ ಹಿತ್ತಿಲಿಗೆ ತಳ್ಳುತ್ತಾರೆ? ನಗರದ ವಾರಾಂತ್ಯದ ಸ್ಟುಡಿಯೋ ಆಗಲಿ, ಸರ್ಕಾರದ ತರಬೇತಿ ಆಗಲಿ, ಫಲಕದ ಮೇಲಿನ ಚಿತ್ರ ಒಂದೇ. ತಿರುಗುವ ಚಕ್ರ, ಅದರ ಮೇಲೆ ಎರಡು ಕೈ. 1990ರ ‘ಘೋಸ್ಟ್’ ಸಿನಿಮಾದ ತಿಗರಿಯ ದೃಶ್ಯ ಈ ಚಿತ್ರಕ್ಕೆ ಪ್ರಣಯದ ಮೆರುಗು ಬೇರೆ ಕೊಟ್ಟಿತು. ಆ ದೃಶ್ಯದಲ್ಲಿ ಏಳುತ್ತಿದ್ದ ಪಾತ್ರೆ ಕುಸಿದು ಬೀಳುತ್ತದೆ, ಸುಡುವ ಹಂತಕ್ಕೆ ಬರುವುದೇ ಇಲ್ಲ ಎಂಬುದನ್ನು ಯಾರೂ ಗಮನಿಸಿದಂತಿಲ್ಲ.

ನಮ್ಮ ಗಾದೆಯನ್ನೇ ನೋಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪಳಗಿದ ಕೈಗೆ ತಿಗರಿಯ ಮೇಲೆ ಒಂದು ಗಡಿಗೆ ಎತ್ತಲು ಬೇಕಾಗುವುದು ಮೂರೋ ನಾಲ್ಕೋ ನಿಮಿಷ. ದೊಣ್ಣೆಗೆ ಹೆಚ್ಚು ಕಡಿಮೆ ಅಷ್ಟೇ. ಹಾಗಾದರೆ ಗಾದೆಯ ವರುಷ ಎಲ್ಲಿಂದ ಬಂತು? ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮಣ್ಣು ಅಗೆದು ತರುವುದು, ಹೆಂಟೆ ಒಡೆಯುವುದು, ಜರಡಿ ಹಿಡಿಯುವುದು, ನೆನೆಹಾಕುವುದು, ತುಳಿಯುವುದು, ಗಡಿಗೆಯ ಹೊಟ್ಟೆಯನ್ನು ಹಲಗೆಯಿಂದ ತಟ್ಟಿ ತಟ್ಟಿ ತೆಳುವಾಗಿಸುವುದು, ಒಣಗಿಸುವುದು, ಕೆಮ್ಮಣ್ಣು ಬಳಿಯುವುದು, ಕುಳ್ಳು ಕಟ್ಟಿಗೆ ಕೂಡಿಸುವುದು, ಮಳೆ ಹೋಗಲೆಂದು ಕಾಯುವುದು, ಸುಡುವುದು. ಗಾದೆ ಕಟ್ಟಿದವರು ಕುಂಬಾರನ ಮನೆಯ ಪಕ್ಕದಲ್ಲೇ ಇದ್ದವರು. ನಾವು ಆ ವರುಷವನ್ನು ಕೆತ್ತಿಹಾಕಿ ನಿಮಿಷವನ್ನಷ್ಟೇ ಕಲಿಸಲು ಹೊರಟಿದ್ದೇವೆ.

ಈ ಮಾತನ್ನು ಬೆಳಗಾವಿ ಸೀಮೆಯ ಎಂ.ಕೆ. ಹುಬ್ಬಳ್ಳಿ ಎಂಬ ಊರನ್ನು ಮುಂದಿಟ್ಟುಕೊಂಡು ಹೇಳಲು ಕಾರಣವಿದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಮಲಪ್ರಭೆಯ ಸೇತುವೆ, ಸಕ್ಕರೆ ಕಾರ್ಖಾನೆ, ಹೊಳೆಯ ನಡುವೆ ಕಾಣುವ ಶರಣೆ ಗಂಗಾಂಬಿಕೆಯ ಐಕ್ಯಮಂಟಪ. ಮಣ್ಣಿನ ಕಣ್ಣಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಹೊಳೆಯ ಮೇಲುಗಡೆ ಖಾನಾಪುರ: ಕೆಮ್ಮಣ್ಣು, ಜಂಬಿಟ್ಟಿಗೆ, ಕಾಡಂಚು. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಆ ಮಣ್ಣನ್ನು ತೊಳೆದುಕೊಂಡು ಬರುತ್ತದೆ. ಕೆಳಗಡೆ ಬೈಲಹೊಂಗಲ, ಸವದತ್ತಿ: ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಎರೆ. ಎರಡು ಮಣ್ಣುಗಳ ಸೆರಗು ಕೂಡುವ ಜಾಗ ಇದು. ಎರೆಯೊಂದರಿಂದಲೇ ಗಡಿಗೆ ಮಾಡಹೊರಟರೆ ಒಣಗುವಾಗಲೇ ಸೀಳುತ್ತದೆ. ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು, ಉಬ್ಬಿದ್ದು ಕುಗ್ಗಲೇಬೇಕಲ್ಲ. ಜೊತೆಗೆ ಎರೆಯಲ್ಲಿ ಸುಣ್ಣದ ಹರಳು ಧಾರಾಳ. ಮರಳು ಎಷ್ಟು, ಕೆಮ್ಮಣ್ಣು ಎಷ್ಟು, ಬೂದಿ ಎಷ್ಟು ಎಂಬ ಲೆಕ್ಕ ಊರಿಂದ ಊರಿಗೆ ಬದಲಾಗುವುದು ಇದಕ್ಕೇ. ನಗರದ ಸ್ಟುಡಿಯೋದಲ್ಲಿ ಈ ಲೆಕ್ಕವೇ ಇಲ್ಲ. ಮಣ್ಣು ಪ್ಲಾಸ್ಟಿಕ್ ಚೀಲದಲ್ಲಿ, ಹದವಾಗಿ, ತೂಕದ ಮೇಲೆ ಬರುತ್ತದೆ. ಹಾಲು ಪಾಕೀಟಿನಲ್ಲಿ ಹುಟ್ಟುತ್ತದೆಂದು ನಂಬಿದ ಮಗುವಿನ ಹಾಗೆ ನಾನೂ ಆ ಚೀಲವನ್ನು ನಂಬಿದ್ದೆ.

ಇನ್ನೊಂದು ಕಾರಣ ಹಬ್ಬಗಳದು. ವರ್ಷಕ್ಕೆ ಐದು ಸಲ ಮಣ್ಣಿನ ಪೂಜೆ ಎಂದು ನಮ್ಮ ಕಡೆ ಎಣಿಸುತ್ತಾರೆ. ಕಾರಹುಣ್ಣಿಮೆ ಕಳೆದ ಮೇಲಿನ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಅದರ ಬೆನ್ನಿಗೇ ಜೋಕುಮಾರ. ಐದೂ ಹಸಿಮಣ್ಣಿನವು. ಐದೂ ಮಳೆಗಾಲದವು, ಅಂದರೆ ಆವಿಗೆ ಹಚ್ಚಲಾಗದ ತಿಂಗಳುಗಳವು. ಮಳೆ ಹಿಂದಾಗಿ, ಮಣ್ಣು ಒಣಗಿ, ಸುಟ್ಟ ಮಣ್ಣಿನ ಸರದಿ ಬರುವುದು ದೀಪಾವಳಿಯ ಪಣತಿಗೆ. ಈ ಪಂಚಾಂಗವನ್ನು ಕುಂಬಾರರೇ ಬರೆದರೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದಿದೆ. ಇರಲಿ. ಇದರ ಅರ್ಥ ಇಷ್ಟು: ಎಂ.ಕೆ. ಹುಬ್ಬಳ್ಳಿ ಸೀಮೆಯ ಮಗುವಿಗೆ ಮಣ್ಣಲ್ಲಿ ಕೈಯಾಡಿಸಲು ಕಾರ್ಯಾಗಾರ ಬೇಕಿಲ್ಲ. ಎತ್ತಿನ ಕೊಂಬು ಚೂಪು ಮಾಡುವುದು, ಗ್ವಾದಲಿ ಅಂಟಿಸುವುದು, ಗುಳ್ಳವ್ವನಿಗೆ ಗುಲಗಂಜಿ ಚುಚ್ಚುವುದು ಅದಕ್ಕೆ ಗೊತ್ತು. ಗೊತ್ತಿಲ್ಲದ್ದು ಬೆಂಕಿ.

ಹಸಿಮಣ್ಣಿಗೂ ಬೆಂದ ಮಣ್ಣಿಗೂ ಇರುವ ಅಂತರ ಮೆತ್ತಗೆ, ಗಟ್ಟಿ ಎಂಬಷ್ಟು ಸರಳವಲ್ಲ. ಮಣ್ಣೆತ್ತನ್ನು ಹೊಳೆಗೆ ಬಿಟ್ಟರೆ ಮತ್ತೆ ಮಣ್ಣಾಗುತ್ತದೆ, ಮುಂದಿನ ವರ್ಷ ಅದೇ ಮಣ್ಣಲ್ಲಿ ಇನ್ನೊಂದು ಎತ್ತು. ಸುಟ್ಟ ಪಣತಿ ಸಾವಿರ ವರ್ಷ ನೀರಲ್ಲಿ ಬಿದ್ದರೂ ಮಣ್ಣಾಗಿ ಕರಗದು. ಜೇಡಿಯ ಹರಳಿನೊಳಗೇ ಕಟ್ಟಿಕೊಂಡ ನೀರು ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್‌ ನಡುವೆ ಬಿಟ್ಟುಹೋಗುತ್ತದೆ. ಅಲ್ಲಿಂದ ಹಿಂದಿರುಗುವ ದಾರಿಯಿಲ್ಲ. ಬಾದಾಮಿ, ಐಹೊಳೆಗಳ ಕಲ್ಲು ಏನೆಲ್ಲ ಹೇಳಲಿ, ಅದಕ್ಕೂ ಹಿಂದಿನ ಕಾಲದ ಬಗ್ಗೆ ಪುರಾತತ್ವದವರು ಕೇಳುವುದು ಬೋಕಿ ಚೂರನ್ನೇ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ಕಾಲಾನುಕ್ರಮ ಕಟ್ಟಿದ್ದು ಮಡಕೆ ಚೂರುಗಳ ಆಧಾರದ ಮೇಲೆ. ಹೊರಗೆ ಕೆಂಪು, ಒಳಗೂ ಬಾಯಂಚಿಗೂ ಕಪ್ಪು ಇರುವ ಆ ಬೃಹತ್‌ಶಿಲಾ ಕಾಲದ ಮಡಕೆಗಳನ್ನು ಬೋರಲು ಇಟ್ಟು ಸುಟ್ಟಿರಬೇಕು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಗಾಳಿ ತಗುಲಿದ ಕಡೆ ಮಣ್ಣಿನ ಕಬ್ಬಿಣ ಕೆಂಪಾಯಿತು, ಗಾಳಿ ಸಿಗದೆ ಹೊಗೆ ಕೂತ ಕಡೆ ಕಪ್ಪಾಯಿತು. ಎರಡು ಸಾವಿರ ವರ್ಷದ ಹಿಂದಿನ ಬೆಂಕಿಯ ಸುದ್ದಿ ಚೂರಿನ ಮೈಮೇಲೆ ಹಾಗೇ ಉಳಿದಿದೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಕಂಡದ್ದು ಬೈಲಹೊಂಗಲದ ಕಡೆಯ ಒಂದು ಹಳ್ಳಿಯಲ್ಲಿ, ಎಂಬತ್ತರ ಹತ್ತಿರದ ಅಜ್ಜಿಯೊಬ್ಬಳು ಆವಿಗೆ ಒಟ್ಟುವಾಗ. ಮಗ ಬೆಳಗಾವಿಗೆ ಕೆಲಸಕ್ಕೆ ಹೋಗುತ್ತಾನೆ, ರಜೆಯ ದಿನ ತಿಗರಿಗೆ ಕೂರುತ್ತಾನೆ. ಆವಿಗೆ ಮಾತ್ರ ಅಜ್ಜಿಯ ಸುಪರ್ದಿ. ನೆಲದಲ್ಲಿ ಮೊಳದಾಳದ ತಗ್ಗು. ತಳಕ್ಕೆ ಕುಳ್ಳು, ಅದರ ಮೇಲೆ ಜಾಲಿ ಪುಳ್ಳೆ, ಅದರ ಮೇಲೆ ಗಡಿಗೆಗಳು ಬೋರಲು. ದೊಡ್ಡವು ಕೆಳಗೆ, ಸಂದಿನಲ್ಲಿ ಪಣತಿ, ಮುಚ್ಚಳ. ಒಂದೊಂದನ್ನೂ ಇಡುವ ಮೊದಲು ಗಲ್ಲಕ್ಕೆ ಒತ್ತಿ ನೋಡುತ್ತಿದ್ದಳು. ಯಾಕೆ ಆಯಿ ಎಂದು ಕೇಳಿದೆ.

“ಥಂಡ್ ಹತ್ತಿದ್ರ ಒಳಗ ಇನ್ನಾ ನೀರ್ ಐತಿ ಅಂತ. ಅದನ್ನ ಇಟ್ಟ್ರ ತಾನೂ ಒಡೀತದ, ಬಾಜೂದಾವನ್ನೂ ಒಡಸ್ತದ. ಕೈಗಿ ತಿಳಿಯಂಗಿಲ್ಲ ತಮ್ಮಾ, ಕೈ ದಪ್ಪ ಆಗ್ಯಾವ. ಗಲ್ಲಕ್ಕ ತಿಳೀತದ.”

ನೀರು 100 ಡಿಗ್ರಿಗೆ ಆವಿಯಾಗಿ ಹೊರಬರಲು ಜಾಗವಿಲ್ಲದೆ ಗಡಿಗೆಯನ್ನು ಸಿಡಿಸುತ್ತದೆ ಎಂಬುದು ಶಾಲೆಯ ವಿಜ್ಞಾನ. ತೇವ ಆರುತ್ತಿರುವ ಮಣ್ಣು ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ, ಅದನ್ನು ಅಳೆಯಲು ಕೆನ್ನೆಗಿಂತ ಸೂಕ್ಷ್ಮವಾದ ಉಪಕರಣ ಆ ಅಂಗಳದಲ್ಲಿ ಇನ್ನೊಂದಿಲ್ಲ ಎಂಬುದು ಕೂಡ ವಿಜ್ಞಾನವೇ. ಮೇಲೆ ಕಬ್ಬಿನ ರವದಿ ಹೊದಿಸಿ, ಹಳೆ ಬೋಕಿಗಳನ್ನು ಜೋಡಿಸಿ, ಕೆಸರು ಸವರಿ, ಅಲ್ಲಲ್ಲಿ ಉಸಿರಾಡಲು ಕಿಂಡಿ ಬಿಟ್ಟಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದೇ ಮೂಲೆಯಲ್ಲಿ ಕೆಂಡ ಇಟ್ಟಳು. ಬರೀ ಬಿಳಿ ಹೊಗೆ. ಗಂಟೆಗಟ್ಟಲೆ ಹೊಗೆ. ನನಗೆ ಬೇಸರ ಬಂದು ಊದುಗೊಳವೆ ಎತ್ತಿಕೊಂಡೆ. ಬೈಸಿಕೊಂಡೆ. ನಡುರಾತ್ರಿಯ ಹೊತ್ತಿಗೆ ಕಿಂಡಿಯೊಳಗೆ ಮಸುಕು ಕೆಂಪು, ಅಂದರೆ 600–700 ಡಿಗ್ರಿ. ಆಮೇಲೆ ಮಸುಕು ಕಳೆದು ನಿಗಿನಿಗಿ ಕೆಂಪು, 800ರ ಆಸುಪಾಸು. ಅಷ್ಟಕ್ಕೆ ಒಂದೊಂದೇ ಕಿಂಡಿ ಮುಚ್ಚುತ್ತ ಬಂದಳು. ಮರುದಿನ ಮಧ್ಯಾಹ್ನವಾದರೂ ತೆಗೆಯಲಿಲ್ಲ. ಮಣ್ಣಿನಲ್ಲಿರುವ ಮರಳಿನ ಸ್ಫಟಿಕ 573 ಡಿಗ್ರಿಯಲ್ಲಿ ಏರುವಾಗ ತಟ್ಟನೆ ಹಿಗ್ಗುತ್ತದೆ, ಇಳಿಯುವಾಗ ತಟ್ಟನೆ ಕುಗ್ಗುತ್ತದೆ. ಅವಸರಕ್ಕೆ ಗಾಳಿ ಬಿಟ್ಟರೆ ಕೂದಲೆಳೆಯ ಸೀಳು. ಅಜ್ಜಿಗೆ 573 ಗೊತ್ತಿಲ್ಲ. ತೆಗೆಯಬಾರದ ಹೊತ್ತು ಗೊತ್ತು.

ತಿಗರಿ ಕಲಿಸುವ ಪಾಠ ಬೇರೆ, ಆವಿಗೆ ಕಲಿಸುವ ಪಾಠ ಬೇರೆ. ತಿಗರಿಯಲ್ಲಿ ತಪ್ಪು ಕಣ್ಣ ಮುಂದೆಯೇ ಆಗುತ್ತದೆ, ಮುದ್ದೆ ಮಾಡಿ ಮತ್ತೆ ಕೂರಬಹುದು. ಆವಿಗೆಯಲ್ಲಿ ತಪ್ಪು ಆದದ್ದು ಒಂದು ದಿನ, ಕಂಡದ್ದು ಇನ್ನೊಂದು ದಿನ, ಮತ್ತು ಅದು ನನ್ನ ಒಬ್ಬನ ತಪ್ಪಾಗಿ ಉಳಿಯುವುದಿಲ್ಲ. ನನ್ನ ಹಸಿ ಗಡಿಗೆ ನಿನ್ನದನ್ನೂ ಒಡೆಯುತ್ತದೆ. ಕಾರಣವನ್ನು ಚೂರಿನಿಂದ ಹಿಂದಕ್ಕೆ ಓದಬೇಕು. ಚಕ್ಕೆ ಚಕ್ಕೆಯಾಗಿ ಸಿಡಿದಿದ್ದರೆ ನೀರು, ಬುಡದಲ್ಲಿ ಸೀಳಿದ್ದರೆ ಒಣಗಿಸಿದ್ದರ ದೋಷ, ತಟ್ಟಿದರೆ ಟಣ್ ಎನ್ನದೆ ದಬ್ ಎಂದರೆ ಬೆಂದದ್ದು ಸಾಲದು. ಓದು, ತರ್ಕ, ತಾಳ್ಮೆ, ಪಾಲುದಾರಿಕೆ ಎಲ್ಲ ಇರುವ ಪಾಠವನ್ನು ಬಿಟ್ಟು ಕೈಚಳಕದ ಪಾಠವನ್ನಷ್ಟೇ ಕೊಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಇಪ್ಪತ್ತನೆಯ ಶತಮಾನದ ಸ್ಟುಡಿಯೋ ಕುಂಬಾರಿಕೆಗೆ ಮೂಲಪುರುಷ ಎನ್ನಿಸಿಕೊಂಡ ಬರ್ನಾರ್ಡ್ ಲೀಚ್ ಈ ದಾರಿಗೆ ಬಂದದ್ದು ತಿಗರಿಯಿಂದಲ್ಲ. 1911ರಲ್ಲಿ ಟೋಕಿಯೊದ ಒಂದು ಕೂಟದಲ್ಲಿ ಅತಿಥಿಗಳಿಗೆ ಮಾಡಿಟ್ಟ ಪಾತ್ರೆ ಕೊಟ್ಟು ಚಿತ್ರ ಬರೆಯಲು ಹೇಳಿದರು. ಅಲ್ಲಿಯೇ ಪುಟ್ಟ ಆವಿಗೆಯಲ್ಲಿಟ್ಟು, ಕೆಂಡದಂತೆ ಹೊಳೆಯುವಾಗ ಇಕ್ಕಳದಿಂದ ಹೊರತೆಗೆದರು. ಚಿತ್ರಕಾರನಾಗಿದ್ದ ಲೀಚ್ ಕುಂಬಾರನಾದದ್ದು ಆ ಗಂಟೆಯಲ್ಲಿ. 1920ರಲ್ಲಿ ಹಮಾದಾ ಶೋಜಿಯ ಜೊತೆ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಆತ ಕಟ್ಟಿದ ಕುಂಬಾರಿಕೆಯ ಮನೆಯ ಮೊಮ್ಮಕ್ಕಳೇ ಇಂದಿನ ನಗರದ ಸ್ಟುಡಿಯೋಗಳು. ಅಜ್ಜನನ್ನು ಸೆಳೆದದ್ದನ್ನೇ ಮೊಮ್ಮಕ್ಕಳು ಅಡಗಿಸಿಟ್ಟಿದ್ದಾರೆ.

ಹವ್ಯಾಸದ ಮಾತು ಬಿಡಿ. ಹೊಟ್ಟೆಪಾಡಿನ ಕುಂಬಾರಿಕೆಯಲ್ಲಿ ಈ ಓರೆಗಣ್ಣು ಇನ್ನೂ ದುಬಾರಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಶುರುಮಾಡಿದ ಕುಂಬಾರ ಸಬಲೀಕರಣ ಯೋಜನೆಯ ಗುರುತು ವಿದ್ಯುತ್ ತಿಗರಿ. ದೊಣ್ಣೆಯಲ್ಲಿ ಚಕ್ರ ತಿರುಗಿಸಿ ತಿರುಗಿಸಿ ಸೊಂಟ ಹಿಡಿದುಕೊಂಡವರಿಗೆ ಅದು ದೊಡ್ಡ ಉಪಕಾರ, ಅಲ್ಲಗಳೆಯಲಾರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಸಾಲ. ಇದೂ ಒಳ್ಳೆಯದೇ. ಆದರೆ ದಿನಕ್ಕೆ ಹತ್ತು ಗಡಿಗೆ ಮಾಡುತ್ತಿದ್ದವನು ಮೂವತ್ತು ಮಾಡತೊಡಗಿದರೆ ಸುಡುವ ಆವಿಗೆ ಹಳೆಯದೇ ಇದ್ದಾಗ ಹೆಚ್ಚುವುದು ಗಡಿಗೆಯೋ ಬೋಕಿಯೋ? ಐದು ದಿನದಲ್ಲಿ ಮಾಡಿದ ಪಾತ್ರೆ ಒಣಗುವುದೂ ಕಷ್ಟ, ಒಟ್ಟಿ, ಸುಟ್ಟು, ಆರಿಸಿ, ತೆಗೆದು, ಒಡೆದದ್ದರ ಮುಂದೆ ಕೂತು ಮಾತಾಡುವುದು ಎಲ್ಲಿಂದ ಬಂತು.

ನನಗೆ ಹೆಚ್ಚು ಚುಚ್ಚಿದ್ದು ಬೇರೆ ನಿಯಮ. ವಿಶ್ವಕರ್ಮ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ಒಬ್ಬರ ನೋಂದಣಿ. ಹಣ ಹರಿದು ಹಂಚಿಹೋಗದಿರಲಿ ಎಂಬ ಉದ್ದೇಶ ಇರಬಹುದು. ಆದರೆ ಕುಂಬಾರನ ಮನೆಯಲ್ಲಿ ಆ ಒಬ್ಬರು ಯಾರು? ತಿಗರಿಯ ಮುಂದೆ ಕೂರುವ ಗಂಡಸು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಮಣ್ಣು ಹೊತ್ತು, ಜರಡಿ ಹಿಡಿದು, ತುಳಿದು, ಹೊಟ್ಟೆ ತಟ್ಟಿ, ಕೆಮ್ಮಣ್ಣು ಬಳಿದು, ಆವಿಗೆ ಕಾದು, ಬುಟ್ಟಿಯಲ್ಲಿ ಹೊತ್ತು ಸಂತೆಯಲ್ಲಿ ಮಾರುವ ಹೆಂಗಸು ‘ಕೈಜೋಡಿಸುವವಳು’. ಹೆಂಗಸರು ತಿಗರಿ ಮುಟ್ಟಬಾರದೆಂಬ ಕಟ್ಟಳೆ ದೇಶದ ಎಷ್ಟೋ ಕುಂಬಾರ ಸಮುದಾಯಗಳಲ್ಲಿದೆ. ಮಣಿಪುರದ ಆಂಡ್ರೊ ಊರಿನಂತೆ, ತಿಗರಿಯೇ ಇಲ್ಲದೆ ಹೆಂಗಸರೇ ಮಡಕೆ ಮಾಡುವ ಕಡೆ ಈ ಪ್ರಶ್ನೆ ಏಳುವುದಿಲ್ಲ. ತಿಗರಿಯೇ ಕುಂಬಾರಿಕೆ ಎಂದು ಸಾರುವ ಪ್ರತಿ ಕಾರ್ಯಾಗಾರ, ತನಗೆ ಗೊತ್ತಿಲ್ಲದೆಯೇ, ಆ ಹಳೆಯ ಕಟ್ಟಳೆಗೆ ಹೊಸ ಪ್ರಮಾಣಪತ್ರ ಬರೆದುಕೊಡುತ್ತಿದೆ. ಗಲ್ಲಕ್ಕೆ ಒತ್ತಿ ನೋಡುವ ಆ ಅಜ್ಜಿಗೆ ಯಾವ ಕಾಗದದಲ್ಲೂ ಕುಂಬಾರಳೆಂಬ ಹೆಸರಿಲ್ಲ.

ಎದುರು ವಾದಗಳು ಇಲ್ಲವೆಂದಲ್ಲ. ಹೊಗೆ ಮೊದಲನೆಯದು. ತೆರೆದ ಆವಿಗೆಯ ಹೊಗೆ ಕಣ್ಣಿಗೂ ಪುಪ್ಪುಸಕ್ಕೂ ಕೆಟ್ಟದ್ದು; ಅಜ್ಜಿಯ ಕೆಮ್ಮನ್ನು ನಾನು ಇಡೀ ರಾತ್ರಿ ಕೇಳಿದ್ದೇನೆ, ಅದನ್ನು ಪರಂಪರೆ ಎಂದು ಮೆರೆಸುವ ಮನಸ್ಸಿಲ್ಲ. ಅದಕ್ಕೇ ಆವಿಗೆ ಪಾಠದ ನಡುವೆ ಇರಬೇಕು ಎನ್ನುವುದು. ಗೋಡೆ ಎತ್ತಿದ, ಬೆಂಕಿಯ ಬಾಯಿ ಬೇರೆ ಮಾಡಿದ, ಹೊಗೆಕೊಳವೆ ಇಟ್ಟ ಆವಿಗೆಯಲ್ಲಿ ಸೌದೆ ಕಡಿಮೆ, ಒಡೆತ ಕಡಿಮೆ. ಆದರೆ ಸುಡುವುದನ್ನು ನೋಡದವರು ಆವಿಗೆಯನ್ನು ಸುಧಾರಿಸುವುದು ಹೇಗೆ?

ಇನ್ನೊಂದು ವಾದ ಸುಲಭಕ್ಕೆ ಬಗ್ಗುವುದಿಲ್ಲ. ವಿದ್ಯುತ್ ಆವಿಗೆ ಇದೆ, ಗುಂಡಿ ಒತ್ತಿದರೆ 1,200 ಡಿಗ್ರಿ, ಹಳ್ಳಿಯ 800 ಡಿಗ್ರಿಯ ಅರೆಬೇಯುವಿಕೆಯನ್ನು ಏಕೆ ಕಲಿಯಬೇಕು? ಹೆಚ್ಚು ಶಾಖ ಎಂದರೆ ಹೆಚ್ಚು ನಾಗರಿಕತೆ ಎಂಬ ಲೆಕ್ಕ ಇದು. ಒಂದು ಹರವಿಯ ಮುಂದೆ ಈ ಲೆಕ್ಕ ತಪ್ಪುತ್ತದೆ. ಹರವಿಯ ನೀರು ತಣ್ಣಗಿರುವುದು ಅದರ ಮೈ ಬೆವರುವುದರಿಂದ. ಬೆವರಲು ರಂಧ್ರ ಬೇಕು, ರಂಧ್ರ ಉಳಿಯಲು ಮಣ್ಣು ಪೂರ್ತಿ ಬೆಸೆದುಕೊಳ್ಳಬಾರದು. 1,250 ಡಿಗ್ರಿಯಲ್ಲಿ ಬೆಂದ ಮೆರುಗಿನ ಹೂಜಿ ನೋಡಲು ಚೆಂದ, ಏಪ್ರಿಲ್ ತಿಂಗಳಲ್ಲಿ ಅದರ ನೀರು ಕೋಣೆಯಷ್ಟೇ ಬೆಚ್ಚಗೆ. ಅಲ್ಲದೆ ನಮ್ಮ ಕಬ್ಬಿಣದಂಶದ ಕೆಂಪು ಮಣ್ಣನ್ನು ಆ ಶಾಖಕ್ಕೆ ಏರಿಸಿದರೆ ಉಬ್ಬಿ, ಕರಗಿ, ಕುಸಿದು ಕೂರುತ್ತದೆ. ಆಗ ಮಣ್ಣನ್ನು ಬೇರೆ ರಾಜ್ಯದಿಂದ ಚೀಲದಲ್ಲಿ ತರಿಸಬೇಕು. ಯಾವ ಪಾತ್ರೆಗೆ ಯಾವ ಬೆಂಕಿ ಎಂದು ತಿಳಿದಿರುವುದೇ ವಿದ್ಯೆ.

ಹೀಗೆಂದು ಹೊಸದೆಲ್ಲ ಬೇಡವೆನ್ನಲು ಹೊಳೆಯ ಮೇಲ್ದಂಡೆಯ ಖಾನಾಪುರವೇ ಬಿಡುವುದಿಲ್ಲ. ಹಂಚು, ಇಟ್ಟಿಗೆ, ಮಡಕೆಗೆ ಹೆಸರಾದ ಆ ಊರಲ್ಲಿ ಖಾದಿ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಭಕಾರಿಕೆ ಸಂಸ್ಥೆ ಇದೆ, ಬೇರೆ ರಾಜ್ಯಗಳವರೂ ತರಬೇತಿಗೆ ಬರುವ ಜಾಗ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದದ್ದು ಹೊರಗಿನ ಮಣ್ಣು ತಂದಲ್ಲ, ಹೊಳೆದಂಡೆಯ ಜೇಡಿಯನ್ನು ಬೆಂಕಿಯಲ್ಲಿ ಪರೀಕ್ಷಿಸಿ. ಇದ್ದ ಮಣ್ಣು, ಹೊಸ ಆವಿಗೆ. ಮಂಗಳೂರು ಹಂಚು ಕಡಲಾಚೆಗೆ ಹೋದದ್ದು ಆ ಜೋಡಿಯ ಬಲದಿಂದ.

ಎಂ.ಕೆ. ಹುಬ್ಬಳ್ಳಿಯಲ್ಲಿ ಯಾರಾದರೂ ಮಣ್ಣಿನ ಕಾರ್ಯಾಗಾರ ಮಾಡುವುದಾದರೆ, ಪಾಠವನ್ನು ತಿರುಗುಮುರುಗು ಮಾಡಿ ಎನ್ನುತ್ತೇನೆ. ಮೊದಲ ದಿನ ಬೆಂದ ಆವಿಗೆಯೊಂದನ್ನು ತೆಗೆಯುವುದು, ಒಡೆದ ಚೂರುಗಳನ್ನು ಗುಂಪು ಮಾಡಿ ಕಾರಣ ಹುಡುಕುವುದು. ಆಮೇಲೆ ಹೊಳೆದಂಡೆ, ಕೆರೆ, ಎರೆಹೊಲ ಮೂರೂ ಕಡೆಯಿಂದ ಒಂದೊಂದು ಬೊಗಸೆ ಮಣ್ಣು. ಎರೆಯ ಹರಳಿನ ಮೇಲೆ ನಿಂಬೆರಸ ಹಿಂಡಿದರೆ ನೊರೆ ಏಳುತ್ತದೆ, ಸುಣ್ಣ ಇದೆ ಎಂದು ಮಕ್ಕಳೂ ಹೇಳಬಲ್ಲರು. ಸಕ್ಕರೆ ಕಾರ್ಖಾನೆಯ ಊರಾದ್ದರಿಂದ ರವದಿಗೆ ಬರವಿಲ್ಲ, ರೈತರು ಹೊಲದಲ್ಲೇ ಸುಟ್ಟುಬಿಡುತ್ತಾರೆ. ಒಂದು ಪುಟ್ಟ ಆವಿಗೆಗೆ ಬರೀ ರವದಿ, ಇನ್ನೊಂದಕ್ಕೆ ಕುಳ್ಳು ಮತ್ತು ರವದಿ ಹಾಕಿ, ಎರಡಕ್ಕೂ ಶಾಖಮಾಪಕದ ತಂತಿ ಇಳಿಬಿಟ್ಟು, ಪಕ್ಕದಲ್ಲಿ ಒಬ್ಬ ಅಜ್ಜಿಯನ್ನೂ ಕೂರಿಸಿ. ಆಕೆ ಬಣ್ಣ ನೋಡಿ ಹೇಳಿದ್ದು, ತಂತಿ ಹೇಳಿದ್ದು ಎರಡನ್ನೂ ಬರೆದುಕೊಳ್ಳಿ. ಆಕೆಗೆ ಗುರುವಿನ ಸಂಬಳ ಕೊಡಿ, ಸಹಾಯಕಿಯದ್ದಲ್ಲ. ತಿಗರಿ ಕೊನೆಯ ದಿನ ಬರಲಿ, ಬಾರದಿದ್ದರೂ ನಡೆಯುತ್ತದೆ. ಪಣತಿಗೆ ಬೆರಳು ಸಾಕು.

ಆ ರಾತ್ರಿಯ ಆವಿಗೆಯಲ್ಲಿ ನನ್ನದೂ ಒಂದು ಲೋಟ ಇತ್ತು. ಮಣ್ಣನ್ನು ನಾನೇ ಜರಡಿ ಹಿಡಿದಿದ್ದೆ. ಅರ್ಧ ಮುಗಿಯುವಷ್ಟರಲ್ಲಿ ತೋಳು ಸೋತಿತ್ತು, ಉಳಿದರ್ಧವನ್ನು ಅಜ್ಜಿ ಆ ಕಡೆ ತಿರುಗಿದಾಗ ಹಾಗೇ ಸುರಿದಿದ್ದೆ. ತೆಗೆದಾಗ ಲೋಟ ಚೆನ್ನಾಗಿಯೇ ಬೆಂದಿತ್ತು, ಒಂದು ಬದಿ ಕೆಂಪು, ಇನ್ನೊಂದು ಬದಿ ಹೊಗೆಗಪ್ಪು, ತಟ್ಟಿದರೆ ಟಣ್. ಮನೆಗೆ ತಂದು ಮೇಜಿನ ಮೇಲೆ, ನೀಲಿ ಬಟ್ಟಲಿನ ಪಕ್ಕ ಇಟ್ಟೆ. ಹತ್ತು ದಿನ ಕಳೆದ ಮೇಲೆ ಬೆಳಗ್ಗೆ ಎದ್ದು ನೋಡಿದರೆ ಲೋಟದ ಹೊಟ್ಟೆಯಿಂದ ಉಗುರಗಲದ ಚಕ್ಕೆ ಹಾರಿ ಬಿದ್ದಿದೆ, ಗುಳಿಯ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ. ಮುಂದಿನ ಸಲ ಆ ಕಡೆ ಹೋದಾಗ ಒಯ್ದು ತೋರಿಸಿದೆ. ಅಜ್ಜಿ ಬೆಳಕಿಗೆ ಹಿಡಿದು, ಬಿಳಿ ಚುಕ್ಕೆಯನ್ನು ಉಗುರಿನಿಂದ ಕೆರೆದು, ನನ್ನ ಕಡೆ ನೋಡಿದಳು.

“ಜರಡಿ ಹಿಡೀಲಿಲ್ಲೇನ ತಮ್ಮಾ?”